ಧ್ರುವದ ಸುಳಿಯೂ ಓಜೋನೂ

ಧ್ರುವಪ್ರಭೆಯನ್ನು ಬೆಳಗಿಸುವ ವಿದ್ಯುತ್ಕಣಗಳು ಸುಮಾರು 100 ಕಿಲೋಮೀಟರು ಎತ್ತರದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನೂ ಉಂಟುಮಾಡುತ್ತವೆ. ಸೂರ್ಯರಶ್ಮಿ ಇದನ್ನು ಒಡೆಯಬಲ್ಲದು. ಧ್ರುವದ ದೀರ್ಘರಾತ್ರಿಯಲ್ಲಾದರೋ ಇದು ಉಳಿಯುತ್ತದೆ. ಇದು ಕೆಳಗಿಳಿಯುವ ಬಗೆಯನ್ನು ನೋಡೋಣ.

ಚಳಿಗಾಲದಲ್ಲಿ ಧ್ರುವವನ್ನು ಸುತ್ತುವ ಮಾರುತದ ಸುಳಿಯೊಳಗೆ ಮೇಲಿನ ವಾಯು ಮೆಲ್ಲನೆ ಇಳಿಯುತ್ತದೆ. 2009ರ ಜನವರಿಯಲ್ಲಿ ಉತ್ತರಧ್ರುವದ ಸುಳಿ ಎರಡಾಗಿ ಒಡೆಯಿತು. ಓಜೋನಿರುವ ಸ್ತರಗೋಳ ಹಠಾತ್ತನೆ ಕಾವೇರಿತು. ಬಳಿಕ ಮೇಲ್ಸ್ತರಗಳಲ್ಲಿ ಸುಳಿ ಮತ್ತೆ ಬಲಿತಾಗ ಈ ಇಳಿತವೂ ಹೆಚ್ಚಿತು. ನೈಟ್ರಿಕ್ ಆಕ್ಸೈಡ್ ಇಳಿದುಬಂದುದನ್ನು ಉಪಗ್ರಹಗಳು ಅಳೆದವು.

ಇದರ ಪರಿಣಾಮವೇನು? ಈ ಅನಿಲದ ಅಣು ಓಜೋನಿನಿಂದ ಆಮ್ಲಜನಕದ ಒಂದು ಪರಮಾಣುವನ್ನು ಕಸಿಯುತ್ತದೆ. ಬೆಳಕು ಮರಳಿದ ಮೇಲೆ ಅದನ್ನು ಇನ್ನೊಂದು ಆಮ್ಲಜನಕ ಪರಮಾಣುವಿಗೆ ಕೊಟ್ಟು ಮೊದಲಿನಂತಾಗುತ್ತದೆ. ಹೀಗೆ ತಾನು ವ್ಯಯವಾಗದೆ ಓಜೋನನ್ನು ಕುಗ್ಗಿಸುತ್ತದೆ. ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುವ ಓಜೋನನ್ನು ಅರಿಯಬೇಕಾದರೆ, ರಸಾಯನದೊಡನೆ ಗಾಳಿಯ ಗತಿಯನ್ನೂ ನಾವು ಅರಿಯಬೇಕು.