ಬ್ರೌಸರ್ ಯಾವುದೆಂದು ಊಹಿಸಬೇಡ

ತಮ್ಮಾ, ನಿನ್ನ ಡೆಸ್ಕ್‌ಟಾಪ್ ಆ್ಯಪ್‌ಗೆ ಬಳಕೆದಾರರ ಡೀಫಾಲ್ಟ್ ಬ್ರೌಸರ್ ಯಾವುದೆಂದು ತಿಳಿಯಬೇಕು ಅಂದೆಯಲ್ಲ. ಮೊದಲು ಇದನ್ನು ಯೋಚಿಸು: ನಿನಗೆ ಹೆಸರೇ ಬೇಕಾ, ಪುಟ ತೆರೆದರೆ ಸಾಕಾ? ಪುಟ ತೆರೆದರೆ ಸಾಕೆಂದಾದರೆ ಹುಡುಕುವ ಗೋಜಿಗೇ ಹೋಗಬೇಡ. ವಿಳಾಸವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿಬಿಡು. ವಿಂಡೋಸ್‌ನಲ್ಲಿ ಶೆಲ್‌ಎಕ್ಸಿಕ್ಯೂಟ್, ಮ್ಯಾಕ್‌ನಲ್ಲಿ ಓಪನ್, ಲಿನಕ್ಸ್‌ನಲ್ಲಿ ಎಕ್ಸ್‌ಡಿಜಿ-ಓಪನ್ ಆ ಕೆಲಸಕ್ಕೇ ಇವೆ. ಒಪ್ಪಿಸುವ ಮುಂಚೆ ಅದು ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ವಿಳಾಸವೇ ಅಂತ ಪರೀಕ್ಷಿಸು. ಶೆಲ್‌ಎಕ್ಸಿಕ್ಯೂಟ್ ವೆಬ್ ಪುಟವನ್ನಷ್ಟೇ ಅಲ್ಲ, ಪ್ರೋಗ್ರಾಮನ್ನೂ ಓಡಿಸುತ್ತದೆ.

ಹೆಸರು ಬೇಕೇ ಬೇಕು, ಆ ಬ್ರೌಸರಿಗೆ ತಕ್ಕ ಎಕ್ಸ್‌ಟೆನ್ಷನ್ ಸೂಚಿಸಬೇಕು ಅಂತಿಟ್ಟುಕೋ. ಆಗಲೂ ಕಂಪ್ಯೂಟರಿನಲ್ಲಿ ಕ್ರೋಮ್ ಇದೆಯೆಂದ ಮಾತ್ರಕ್ಕೆ ಅದೇ ಡೀಫಾಲ್ಟ್ ಅಂದುಕೊಳ್ಳಬೇಡ. ವಿಂಡೋಸ್ ರಿಜಿಸ್ಟ್ರಿಯ ಕ್ಲಾಸಸ್ ರೂಟ್‌ನಲ್ಲಿ ಎಚ್‌ಟಿಟಿಪಿ ಕೀ ಓದುವ ಹಳೆಯ ಕೋಡ್ ಸಿಕ್ಕರೆ ಅದನ್ನೂ ನಂಬಬೇಡ. ವಿಸ್ತಾದಿಂದೀಚೆಗೆ ಒಬ್ಬೊಬ್ಬ ಬಳಕೆದಾರರ ಆಯ್ಕೆಯೂ ಕರೆಂಟ್ ಯೂಸರ್ ಅಡಿಯ ಯೂಸರ್‌ಚಾಯ್ಸ್ ಕೀಯಲ್ಲಿ, ಪ್ರೋಗ್‌ಐಡಿ ಎಂಬ ಹೆಸರಲ್ಲಿ ಇರುತ್ತದೆ. ಎಡ್ಜ್ ಆದರೆ ‘ಎಂಎಸ್‌ಎಡ್ಜ್‌ಎಚ್‌ಟಿಎಂ’, ಕ್ರೋಮ್ ಆದರೆ ‘ಕ್ರೋಮ್‌ಎಚ್‌ಟಿಎಂಎಲ್’. ಫೈರ್‌ಫಾಕ್ಸ್‌ನದ್ದು ‘ಫೈರ್‌ಫಾಕ್ಸ್‌ಯುಆರ್‌ಎಲ್’ ಎಂದು ಶುರುವಾಗಿ, ಬಾಲದಲ್ಲಿ ಬೇರೆ ಅಕ್ಷರಗಳನ್ನೂ ಹೊತ್ತಿರಬಹುದು. ಪೂರ್ತಿ ಹೆಸರು ಹೋಲಿಸಿ ನೋಡಿದರೆ ಅಲ್ಲೇ ಎಡವುತ್ತೀಯ. ಅಸಾಕ್‌ಕ್ವೆರಿಸ್ಟ್ರಿಂಗ್ ಎಂಬ ಫಂಕ್ಷನ್‌ಗೆ ಕೇಳುವುದು ಇನ್ನೂ ಕ್ಷೇಮ. ಲಿನಕ್ಸ್‌ನಲ್ಲಾದರೆ ಎಕ್ಸ್‌ಡಿಜಿ-ಸೆಟ್ಟಿಂಗ್ಸ್ ಹೇಳುತ್ತದೆ. ಎಚ್‌ಟಿಟಿಪಿಗೆ ಒಂದು, ಎಚ್‌ಟಿಎಂಎಲ್ ಫೈಲಿಗೆ ಇನ್ನೊಂದು ಬ್ರೌಸರ್ ಇಟ್ಟುಕೊಂಡವರೂ ಇದ್ದಾರೆ; ನಿನಗೆ ಬೇಕಾದದ್ದನ್ನೇ ಕೇಳು. ಬಂದ ಉತ್ತರವನ್ನು ಕೂಡಿಡಬೇಡ, ಅವರು ನಾಳೆ ಬದಲಿಸಿಯಾರು.

ಒಂದನ್ನಂತೂ ಗಟ್ಟಿಯಾಗಿ ಹೇಳುತ್ತೇನೆ. ಓದು, ಬರೆಯಬೇಡ. ವಿಂಡೋಸ್ 8ರಿಂದ ಯೂಸರ್‌ಚಾಯ್ಸ್ ಜೊತೆ ಹ್ಯಾಶ್ ಇದೆ. ಹೊರಗಿನ ಪ್ರೋಗ್ರಾಮ್ ಆ ಆಯ್ಕೆಯನ್ನು ತಿದ್ದಬಾರದೆಂದೇ ಆ ಕಾವಲು. ಅದನ್ನು ಮುರಿಯುವ ಉಪಾಯಗಳು ಸಿಗುತ್ತವೆ, ಮುಟ್ಟಬೇಡ. ಬ್ರೌಸರ್ ಆಯ್ಕೆಯ ಪರದೆ ತೋರಿಸುತ್ತೇನೆಂದು ಮಾತು ಕೊಟ್ಟು, ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1ರಲ್ಲಿ ತೋರಿಸದೆ ಹೋದದ್ದಕ್ಕೆ 2013ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಹಾಕಿತು. ಜನರ ಆಯ್ಕೆಯ ಹಕ್ಕಿಗೆ ಅಷ್ಟು ತೂಕವಿದೆ.

ಬದಲಿಸಬೇಕೆಂದು ಅವರೇ ಕೇಳಿದರೆ ಸೆಟ್ಟಿಂಗ್ಸ್‌ನ ಡೀಫಾಲ್ಟ್ ಆ್ಯಪ್ಸ್ ಪುಟ ತೆರೆದುಕೊಡು, ಮುಂದಿನದು ಅವರೇ ಮಾಡಿಕೊಳ್ಳಲಿ. ನಿನ್ನ ಕೋಡ್‌ನಲ್ಲಿ ಯೂಸರ್‌ಚಾಯ್ಸ್ ಕೀಗೆ ಬರೆಯುವ ಸಾಲು ಒಂದಿದ್ದರೂ ಇವತ್ತೇ ತೆಗೆದುಹಾಕು.