ಬಿದರಿ ಕೆಲಸವೂ ಅದನ್ನು ಮಾಡುವವರೂ

ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಅಲ್ಲಿ ಗಂಟೆ ಬಾರಿಸುವ ಬೊಂಬೆಯ ಗಡಿಯಾರದ ಮುಂದೆ ಸೇರುವ ಜನಸಂದಣಿ ಬಿದರಿ ಪಾತ್ರೆಗಳ ಮುಂದೆ ಕಾಣುವುದಿಲ್ಲ. ಆದರೂ ಆ ಹುಕ್ಕಾದ ಬುಡಗಳನ್ನೂ ತಟ್ಟೆಗಳನ್ನೂ ಹೂಜಿಗಳನ್ನೂ ಒಮ್ಮೆ ನಿಂತು ನೋಡತಕ್ಕದ್ದು. ಕಾಡಿಗೆಯಂತೆ ಕಪ್ಪಾದ ಮೈಯ ಮೇಲೆ ಬೆಳ್ಳಿಯ ಬಳ್ಳಿ ಹರಿದಿರುತ್ತದೆ. ಬೆರಳಿಟ್ಟು ಸವರಿದರೆ ಬಳ್ಳಿ ಎಲ್ಲಿ ಮುಗಿಯಿತು, ಕಪ್ಪು ಎಲ್ಲಿ ಮೊದಲಾಯಿತು ಎಂಬುದು ತಿಳಿಯದಷ್ಟು ನುಣುಪು.

ಬಿದರಿ ಎಂಬ ಹೆಸರು ಬೀದರದಿಂದ ಬಂದುದು. ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರು ದೂರದ ಈ ಪಟ್ಟಣವು ಹಿಂದೆ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಿತು. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದು, ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ, ಎಂದರೆ ಇಂದಿನ ಕರ್ನಾಟಕಕ್ಕೆ, ಸೇರಿತು. ಇರಾನಿನಿಂದ ಬಂದ ಕುಶಲಕರ್ಮಿಗಳು ಬಹಮನಿಯರ ಕಾಲದಲ್ಲಿ ಈ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದರೆಂದು ಕೆಲಸಗಾರರ ಮನೆತನಗಳಲ್ಲಿ ಹೇಳಿಕೆಯುಂಟು.

ಇನ್ನು ಕೆಲಸದ ಕ್ರಮವನ್ನು ನೋಡೋಣ. ಬಹಳ ಜನರು ಇದನ್ನು ಕಬ್ಬಿಣವೆಂದು ತಿಳಿಯುತ್ತಾರೆ, ಅದು ತಪ್ಪು. ಇದು ಸತುವಿನ ಪಾತ್ರೆ. ಸತುವಿಗೆ ಅಲ್ಪ ಪ್ರಮಾಣದಲ್ಲಿ ತಾಮ್ರವನ್ನು ಬೆರೆಸುತ್ತಾರೆ. ಹದಿನಾರು ಪಾಲಿಗೆ ಒಂದು ಪಾಲು ಎಂಬುದು ರೂಢಿಯ ಲೆಕ್ಕ. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಕರಗಿದ ಲೋಹವನ್ನು ಎರೆದು, ತಣಿದ ಬಳಿಕ ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಈಗ ಪಾತ್ರೆಯ ಬಣ್ಣ ಬೂದು. ಮೈಲುತುತ್ತದ ನೀರನ್ನು ಸವರಿದೊಡನೆ ಅದು ತಾತ್ಕಾಲಿಕವಾಗಿ ಕಪ್ಪಾಗುವುದರಿಂದ, ಗೀರಿದ ಗೆರೆ ಎದ್ದು ಕಾಣುತ್ತದೆ. ಮೊನೆಯುಳ್ಳ ಉಪಕರಣದಿಂದ ಹೂವನ್ನೋ ಬಳ್ಳಿಯನ್ನೋ ಕೈಯಳತೆಯಲ್ಲಿಯೇ ಬರೆದು, ಆ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆದು, ಕೊರೆದ ಕಾಲುವೆಯೊಳಗೆ ಬೆಳ್ಳಿಯ ತಂತಿಯನ್ನಾಗಲಿ ಕತ್ತರಿಸಿದ ತಗಡನ್ನಾಗಲಿ ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂರಿಸುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ. ಕೊರೆದ ಆಳ ಸರಿಯಿದ್ದರೆ ಬೆಳ್ಳಿ ನಿಲ್ಲುತ್ತದೆ, ಇಲ್ಲದಿದ್ದರೆ ಎದ್ದುಬರುತ್ತದೆ.

ಮತ್ತೆ ಅರ ಹಾಕಿ ಉಜ್ಜಿದಾಗ ಮೊದಲಿನ ಕಪ್ಪು ಹೋಗಿಬಿಡುತ್ತದೆ. ಆಗ ಬೂದು ಸತುವಿನಲ್ಲಿ ಬಿಳಿಯ ಬೆಳ್ಳಿ ಕಂಡೂ ಕಾಣದಂತಿರುತ್ತದೆ. ಎಷ್ಟೋ ದಿನಗಳ ಶ್ರಮವೆಲ್ಲ ಮಾಯವಾದಂತೆ ತೋರುತ್ತದೆ. ಕಡೆಯ ಹಂತಕ್ಕೆ ಬೇಕಾದುದು ಬೀದರದ ಕೋಟೆಯ ಮಣ್ಣು. ಬಹುಕಾಲ ಬಿಸಿಲೂ ಮಳೆಯೂ ತಾಗದ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ, ಬೆಚ್ಚಗೆ ಕಾಯಿಸಿದ ಪಾತ್ರೆಗೆ ತಿಕ್ಕುತ್ತಾರೆ. ಸತುವಿನ ಮೈ ಕ್ಷಣಮಾತ್ರದಲ್ಲಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಬೆರೆಸಿದ ಆ ಚೂರು ತಾಮ್ರದ ಪ್ರಯೋಜನ ಇಲ್ಲಿಯೇ: ಬರಿಯ ಸತುವಿಗೆ ಈ ಕಪ್ಪು ಹತ್ತದು. ಕೊನೆಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿದರೆ ಕಪ್ಪು ಇನ್ನೂ ಗಾಢವಾಗುತ್ತದೆ.

ಮಣ್ಣು ತಕ್ಕುದೇ ಅಲ್ಲವೇ ಎಂಬುದನ್ನು ಹಳೆಯ ಕೆಲಸಗಾರರು ನಾಲಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ರಸಾಯನಶಾಸ್ತ್ರದ ಪಾಠ ಕೇಳಿದ ನಿಮಗೆ ಇದು ವಿಚಿತ್ರವೆನಿಸಬಹುದು. ಆ ಮಣ್ಣಿನಲ್ಲಿ ಪೆಟ್ಲುಪ್ಪಿನಂತಹ ಲವಣಗಳಿರುತ್ತವೆ, ಅವುಗಳ ರುಚಿ ಬಲ್ಲ ನಾಲಗೆಯೇ ಅವರ ಪ್ರಯೋಗಶಾಲೆ. ಯಾವ ರುಚಿ ಸರಿ ಎಂಬುದನ್ನು ನಾನು ಈ ಹಾಳೆಯ ಮೇಲೆ ಬರೆದು ತಿಳಿಸಲಾರೆ. ತಂದೆಯ ಪಕ್ಕದಲ್ಲಿ ಕುಳಿತ ಮಗನು ತಂದೆ ಹೇಳಿದಾಗ ಅದನ್ನು ಅರಿತನು. ಹೇಳುವವರು ಕಡಿಮೆಯಾದಂತೆ ಆ ಅರಿವೂ ಕಡಿಮೆಯಾಗುವುದಲ್ಲವೆ?

ಎರಕ ಹೊಯ್ಯುವವನು ಒಬ್ಬ, ಕೊರೆಯುವವನು ಇನ್ನೊಬ್ಬ, ಬೆಳ್ಳಿ ಕೂರಿಸುವವನು ಮತ್ತೊಬ್ಬ ಎಂಬಂತೆ ಈ ಕೆಲಸವನ್ನು ಹಂಚಿಕೊಂಡು ಮಾಡುವ ಪದ್ಧತಿಯೂ ಇದೆ. ಆದುದರಿಂದಲೋ ಏನೋ, ಹಳೆಯ ಪಾತ್ರೆಗಳ ಮೇಲೆ ಮಾಡಿದವರ ಹೆಸರು ಸಾಮಾನ್ಯವಾಗಿ ಕಾಣಸಿಗುವುದಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಬಿದರಿ ವಸ್ತುಗಳು ಹೋದವು. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಿಯ ನೋಂದಣಿ ದೊರಕಿತು. ಇದು ಒಳ್ಳೆಯದೇ, ಆದರೆ ಇದರಿಂದ ರಕ್ಷಣೆ ದೊರೆತುದು ಊರಿನ ಹೆಸರಿಗೆ, ಕೆಲಸಗಾರನ ಹೆಸರಿಗಲ್ಲ. 2023ರಲ್ಲಿ ಬೀದರದ ಶಾಹ್ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ಬಂದಾಗ, ಬಿದರಿಯನ್ನು ಕೇಳಿ ಬಲ್ಲವರಲ್ಲಿಯೂ ಅನೇಕರು ಒಬ್ಬ ಬಿದರಿ ಕೆಲಸಗಾರರ ಹೆಸರನ್ನು ಮೊದಲ ಸಲ ಕೇಳಿರಬೇಕೆಂದು ನನ್ನ ಊಹೆ. ಅವರೂ ತಂದೆಯಿಂದಲೇ ಕಲಿತವರು.

ಬೆಳ್ಳಿಯ ಬೆಲೆ ಏರಿದಾಗ ಸ್ವಂತ ಬಂಡವಾಳದಿಂದ ಕೆಲಸ ಮಾಡುವವನಿಗೆ ಕಷ್ಟ. ಬೆಳ್ಳಿಯನ್ನು ಮೊದಲು ಕೊಳ್ಳಬೇಕು, ಪಾತ್ರೆ ಮಾರಾಟವಾಗುವುದು ಎಂದೋ. ಪರರ ಬೆಳ್ಳಿಗೆ ಕೂಲಿಯಾಳಾದರೆ ಊಟಕ್ಕೆ ಚಿಂತೆಯಿಲ್ಲ, ಆದರೆ ಏನನ್ನು ಬರೆಯಬೇಕೆಂಬುದನ್ನು ಬೆಳ್ಳಿ ಕೊಟ್ಟವನು ನಿರ್ಧರಿಸುತ್ತಾನೆ. ಮಕ್ಕಳನ್ನು ಇದಕ್ಕೆ ಹಾಕಬೇಕೆ ಬೇಡವೆ ಎಂದು ತಂದೆತಾಯಿಗಳು ತೂಗಿ ನೋಡುವುದು ಇದನ್ನೆಲ್ಲ ಕಂಡೇ. ಈಚೆಗೆ ಮಹಿಳೆಯರೂ ಈ ಕೆಲಸವನ್ನು ಕಲಿತು ಮಾಡುತ್ತಿರುವುದು ಸಂತೋಷದ ಸಂಗತಿ.

ಬೀದರದ ಈ ಕೆಲಸಗಾರರಲ್ಲಿ ಬಹುಮಂದಿಯ ಮನೆಮಾತು ದಖನಿ. ಅದು ಇಲ್ಲಿನ ಬೀದಿಗಳಲ್ಲಿ ನೀವು ದಿನವೂ ಕೇಳುವ ಮಾತೇ. ಬೆಂಗಳೂರಿನ ವಿದ್ಯಾರ್ಥಿಗೆ ದುಭಾಷಿ ಬೇಕಾದೀತು, ನಿಮಗೆ ಬೇಡ. ದಖನಿಯಲ್ಲಿ ಕೇಳಿ ಕನ್ನಡದಲ್ಲಿ ಬರೆಯಬಲ್ಲಿರಿ. ರಜೆಯಲ್ಲಿ ಊರಿಗೆ ಹೋಗುವವರು ಬೀದರದಲ್ಲಿ ಇಳಿದು, ಚೌಬಾರಾದ ಸುತ್ತಣ ಹಳೆಯ ಬೀದಿಗಳಲ್ಲಿ ಸುತ್ತಿಗೆಯ ಸಣ್ಣ ಸದ್ದು ಕೇಳಿದ ಕಡೆ ನಿಂತು, ಯಾರ ಬಳಿ ಕಲಿತಿರಿ, ಎಷ್ಟು ವರ್ಷಕ್ಕೆ ಉಳಿ ಕೈಗೆ ಬಂದಿತು, ಮೊದಲು ಬರೆದ ಬಳ್ಳಿ ಯಾವುದು ಎಂದು ವಿಚಾರಿಸಿರಿ. ಅವರು ಒಪ್ಪಿದರೆ ಹೆಸರು, ವಯಸ್ಸು, ಉಪಕರಣಗಳ ಹೆಸರುಗಳನ್ನೂ ಬರೆದುಕೊಳ್ಳಿರಿ. ಮಣ್ಣು ಹಚ್ಚುವ ಕೆಲಸ ಪ್ರತಿದಿನವೂ ಇರುವುದಿಲ್ಲ. ಯಾವ ದಿನವೆಂದು ಮೊದಲೇ ಕೇಳಿ ತಿಳಿದು ಹೋದರೆ, ಪಾತ್ರೆ ಕಪ್ಪಾಗುವ ಆ ಕ್ಷಣವನ್ನು ಕಣ್ಣಾರೆ ಕಾಣಬಹುದು.