ರಾಜ್ಯವಾರು ರಫ್ತು: ಬಂದರು ಬೇರೆ, ಮೂಲ ಬೇರೆ

2023-24ರಲ್ಲಿ ಭಾರತದ ಸರಕು ರಫ್ತು ಸುಮಾರು 437 ಶತಕೋಟಿ ಡಾಲರ್. ಗುಜರಾತಿನ ಪಾಲೇ ಶೇ. 30ರಷ್ಟು, ಜಾಮ್‌ನಗರದ ತೈಲ ಶುದ್ಧೀಕರಣಾಗಾರಗಳು, ಮುಂದ್ರಾ ಮತ್ತು ಕಾಂಡ್ಲಾ ಬಂದರುಗಳು ಇದರ ಬೆನ್ನೆಲುಬು. ನಂತರ ಮಹಾರಾಷ್ಟ್ರ, ತಮಿಳುನಾಡು, ಕರ್ನಾಟಕ.

ಪರೀಕ್ಷೆಯ ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ: ರಾಜ್ಯದ ಲೆಕ್ಕ ಸರಕಿನ ಮೂಲದ ಮೇಲೆ ನಿಲ್ಲುತ್ತದೆ, ಅದು ಹಡಗೇರಿದ ಬಂದರಿನ ಮೇಲಲ್ಲ. ಬೆಂಗಳೂರಿನ ಸಿದ್ಧ ಉಡುಪು ಚೆನ್ನೈ ಬಂದರಿನಿಂದ ಹೊರಟರೂ ಅದು ಕರ್ನಾಟಕದ ರಫ್ತು. ಕಡಲೇ ಇಲ್ಲದ ಉತ್ತರ ಪ್ರದೇಶ ಮುಂಚೂಣಿಯಲ್ಲಿರುವುದೂ ಹೀಗೆಯೇ. ಇನ್ನು ನಮ್ಮ ರಾಜ್ಯದ ನಿಜವಾದ ಬಲವೆನಿಸಿದ ಸಾಫ್ಟ್‌ವೇರ್ ಈ ಪಟ್ಟಿಗೆ ಸೇರುವುದೇ ಇಲ್ಲ; ಅದು ಸೇವಾ ರಫ್ತು. ಸರಕು ಪಟ್ಟಿಯೊಂದನ್ನೇ ನೋಡಿ ಕರ್ನಾಟಕವನ್ನು ಅಳೆಯುವುದು ಸರಿಯಲ್ಲ.

ನೆನಪಿಡಿ: ಕರ್ನಾಟಕದ ಏಕೈಕ ಪ್ರಮುಖ ಬಂದರು ನವಮಂಗಳೂರು (1974). ರಾಜ್ಯಗಳ ರಫ್ತು ಸನ್ನದ್ಧತಾ ಸೂಚ್ಯಂಕ ಪ್ರಕಟಿಸುವುದು ನೀತಿ ಆಯೋಗ.